ಹದಿಮೂರನೆಯ ಹೆಲ್ಮೆಟ್ಟು

ನಮ್ಮ ಮಾಮಾ ಉದಗೀರದಲ್ಲಿ ಯಾವ ವ್ಯಾಪಾರ ಶುರುಮಾಡಿದರೂ ಆ ವ್ಯಾಪಾರದವರೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತಾರೆ, ತಮ್ಮ ದಂಧೆ ಉಳಿಯಲಪ್ಪ ಎಂದು! ನನ್ನ ತಾಯಿಯ ತಮ್ಮ ಈತ. ಮನೆತನದ ಕಾಳುಕಡಿಯ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರೆ ಸಾಕಿತ್ತು. ಕೂರಬೇಕಲ್ಲ? ಚಳಿ ಬಿದ್ದ ವಾರವೇ ಕುಡಿಯುವ ತಣ್ಣೀರಿನ ದೊಡ್ಡ ಜಾರುಗಳನ್ನು ಮಾರಲು ಟೆಂಪೊ ಕೊಂಡ. ಪೊಲೀಸರು ಹೆಲ್ಮೆಟ್ ತಪಾಸಣೆ ಶುರುಮಾಡಿದರೆಂದು ಹೆಲ್ಮೆಟ್ ಅಂಗಡಿ ತೆರೆದ. ಎಂಟೇ ದಿನಕ್ಕೆ ತಪಾಸಣೆ ನಿಂತಿತು. ಕೊನೆಗೆ ಹನ್ನೆರಡು ಹೆಲ್ಮೆಟ್ಟು ಉಳಿದವು.

ಮಾಮಾನದೊಂದು ನೇಮವಿದೆ: ಹಳೆಯ ದಂಧೆಯಲ್ಲಿ ಉಳಿದ ಮಾಲೇ ಹೊಸ ದಂಧೆಗೆ ಬಂಡವಾಳ. ಟೆಂಪೊ ಇದೆ, ಹೆಲ್ಮೆಟ್ ಇವೆ, ಇನ್ನೇನು ಕೊಳ್ಳಬಹುದು? ಟೆನಿಸ್ ಚೆಂಡಿನ ಟೂರ್ನಮೆಂಟಿಗೆಂದು ಒಂದು ಕ್ರಿಕೆಟ್ ತಂಡವನ್ನೇ ಕೊಂಡ! ಆ ಮೆದು ಚೆಂಡಿಗೆ ಹನ್ನೊಂದು ಜನರೂ ಬೈಕಿನ ಹೆಲ್ಮೆಟ್ ತೊಟ್ಟು ಫೀಲ್ಡಿಂಗಿಗೆ ಇಳಿದರು. ಕ್ಯಾಚು ಕಾಣುತ್ತಿರಲಿಲ್ಲ, ಕ್ಯಾಪ್ಟನ್ನಿನ ಕೂಗು ಕೇಳುತ್ತಿರಲಿಲ್ಲ. ಸೆಮಿಫೈನಲಿನಲ್ಲಿ ಎದುರಿದ್ದ ನಿಲಂಗಾ ತಂಡದವರು ಹೊಟ್ಟೆ ಹಿಡಿದು ನಕ್ಕರು, ನಗುನಗುತ್ತಲೇ ಔಟಾದರು. ನಮ್ಮ ತಂಡ ಫೈನಲ್ ಸೇರಿತು.

ಫೈನಲ್ ಔರಾದ ಶಹಾಜನಿಯಲ್ಲಿ. ಮನೆಯಿಂದಲೇ ಹೆಲ್ಮೆಟ್ ಹಾಕಿಕೊಂಡು ಹೊರಡಬೇಕು, ದಾರಿಯುದ್ದ ಜಾಹೀರಾತಾಗುತ್ತದೆ ಎಂದು ಮಾಲೀಕರ ಅಪ್ಪಣೆ. ಹನ್ನೆರಡನೆಯದು ಮಾಮಾನ ತಲೆಯ ಮೇಲಿತ್ತು. ಸ್ಟೀರಿಂಗ್ ಹಿಡಿಯುವ ಮುನ್ನ ಅದನ್ನು ತೆಗೆದು, ಸ್ಕೋರು ಬರೆಯಲು ಹೊರಟಿದ್ದ ನನ್ನ ತಲೆಗೆ ಒತ್ತಿದ.

"ಮಾಮಾ, ನಾ ಆಡಾಂವ ಅಲ್ಲ," ಎಂದೆ.

"ಹಾಕ್ಕೋ ಅಳಿಯಾ. ಡಿಗ್ರಿ ಮಾಡಿದ ತಲಿ ಅದ. ನಂದ್ರಾಗ ಏನದ, ಬರೇ ಐಡಿಯಾ."

ವಲಾಂಡಿ ದಾಟಿದ ಮೇಲೆ ಮುಂದಿನ ಟೈರು ಸಿಡಿಯಿತು. ಆ ಸದ್ದು ಈಗಲೂ ಊಟದ ನಡುವೆ ಕೇಳಿಸುತ್ತದೆ. ತುತ್ತು ಕೈಯಲ್ಲೇ ನಿಲ್ಲುತ್ತದೆ. ಟೆಂಪೊ ಎರಡು ಸಲ ಹೊರಳಿ ಕಬ್ಬಿನ ಹೊಲದಲ್ಲಿ ಮಲಗಿತು. ಬಾಗಿಲಿನ ಕಬ್ಬಿಣಕ್ಕೆ ಬಡಿದು ನನ್ನ ಹೆಲ್ಮೆಟ್ಟು ಸೀಳಿತ್ತು, ತಲೆ ಸೀಳಿರಲಿಲ್ಲ. ಆಟಗಾರರು ಒಬ್ಬೊಬ್ಬರಾಗಿ ತೆವಳಿ ಹೊರಬಂದರು. ಮಾಮಾ ರಕ್ತ ಸೋರುವ ನೆತ್ತಿಯನ್ನು ಅಂಗೈಯಿಂದ ಒತ್ತಿಕೊಂಡು ಅವರನ್ನು ಎಣಿಸುತ್ತಿದ್ದ. ಹನ್ನೊಂದು ಮುಟ್ಟಿದ ಮೇಲೆ ನನ್ನತ್ತ ತಿರುಗಿ, "ಹನ್ನೆರಡು," ಎಂದು ಅಲ್ಲೇ ಕುಸಿದು ಕೂತ.

ಮಾಮಾನ ತಲೆಗೆ ಒಂಬತ್ತು ಹೊಲಿಗೆ ಬಿದ್ದವು. ಅವನ್ನು ಬಿಚ್ಚುವವರೆಗೆ ಫೈನಲ್ ಬೇಡವೆಂದು ಎದುರಾಳಿ ತಂಡದವರೇ ಪಟ್ಟು ಹಿಡಿದರು. ನಗುವುದಕ್ಕಾದರೂ ಮಾಮಾ ಬೇಕಲ್ಲ!

ನಾಳೆ ಆ ಫೈನಲ್. ನಿನ್ನೆ ನಾನು ಉಮರ್ಗಾಕ್ಕೆ ಹೋಗಿ ಹದಿಮೂರನೆಯ ಹೆಲ್ಮೆಟ್ಟು ಕೊಂಡು ತಂದೆ. ಮಾಮಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮನ್ಯಾಗ ಅಂಗಡಿ ಇಟ್ಕೊಂಡು ಮಂದಿ ಅಂಗಡ್ಯಾಗಿಂದ ತಂದಿಯಲ್ಲೋ. ಹಿಂಗಾದ್ರ ನಮ್ಮ ದಂಧಾ ನಡೀತದ?"

ಬೈಯುತ್ತಲೇ, ನಾನು ಹೆಲ್ಮೆಟ್ಟು ತೊಡಿಸಿ ಅದರ ಪಟ್ಟಿ ಬಿಗಿಯಲು ಅನುಕೂಲವಾಗಲೆಂದು, ಹೊಲಿಗೆಯ ಗುರುತಿರುವ ತಲೆಯನ್ನು ನನ್ನೆದುರು ಬಗ್ಗಿಸಿ ನಿಂತ.