ಹುಗ್ಗಿಯ ವಾಸನೆಗೆ ಬಯಲಾದ ಶಾಲೆ

ಮೊಮ್ಮಕ್ಕಳೇ, ಭಾಗ್ಯಾ, ಸೋಮು, ಹೆಣ್ಣು ನೋಡಲು ಬರುವವರಿದ್ದರೆ ಮನೆಯ ಸೊಟ್ಟ ಕೊಡ, ಹರಿದ ಕೌದಿಗಳನ್ನು ಹಿತ್ತಲಿಗೆ ಸಾಗಿಸುವುದು ನಮ್ಮ ಕಡೆಯ ರೂಢಿ. ಶಾಲೆ ನೋಡಲು ಬಂದರೆ ಮಕ್ಕಳನ್ನೇ ಸಾಗಿಸಬೇಕಾದೀತೆಂದು ನನಗೆ ಗೊತ್ತಿರಲಿಲ್ಲ. ಸಭೆಯಲ್ಲಿ ಬಾಯಿ ಬಿಡದವಳೆಂಬ ಒಂದೇ ಯೋಗ್ಯತೆಯ ಮೇಲೆ ಊರ ಶಾಲೆಯ ಸಮಿತಿಗೆ ನನ್ನನ್ನು ಸೇರಿಸಿಕೊಂಡಿದ್ದರು. ಬಸವಕಲ್ಯಾಣದಿಂದ ತಪಾಸಣೆಯ ಸಾಹೇಬರು ಬರುತ್ತಾರೆಂದಾಗ ಇದ್ದೊಬ್ಬ ಮಾಸ್ತರರ ಮುಖ ಬಾಡಿತು. ಎಲ್ಲ ತರಗತಿಗಳಿಗೂ ಅವರೊಬ್ಬರೇ. ಶಾಲೆ ಹಿಂದುಳಿದಿದೆ ಎಂದು ಬರೆದರೆ ಇನ್ನೊಬ್ಬ ಮಾಸ್ತರರನ್ನು ಕೊಡುತ್ತಾರೆ ಎಂದು ಕೆಲವರು. ಇಲ್ಲ, ಬೀಗ ಹಾಕಿ ಮಕ್ಕಳನ್ನು ದೂರದ ಮುಡಬಿಯ ಶಾಲೆಗೆ ಅಟ್ಟುತ್ತಾರೆ ಎಂದು ಕೆಲವರು. ಹೆದರಿಕೆಯೇ ಗೆದ್ದಿತು. "ಓದಾಕ ಬರಲಾರದ ಹುಡುಗ್ರನ್ನ ಅವತ್ತೊಂದಿನ ನಿಮ್ಮ ಮನ್ಯಾಗ ಕೂಡಿಸ್ಕೊರ್ರಿ, ಅಮ್ಮಾರ," ಎಂದರು ಮಾಸ್ತರರು. ಸೋಮು, ಅವರಲ್ಲಿ ಮೊದಲನೆಯವನು ನೀನೇ.

ಮಕ್ಕಳು ಗದ್ದಲ ಮಾಡದಿರಲೆಂದು ಗೋಧಿ ಹುಗ್ಗಿ ಮಾಡಿದೆ. ಅದರ ವಾಸನೆ ಶಾಲೆಯನ್ನೂ ಮುಟ್ಟಿತು. ನೀರು ಕುಡಿಯುವ ನೆಪದಲ್ಲಿ ಜಾಣ ಮಕ್ಕಳೂ ಒಬ್ಬೊಬ್ಬರೇ ಬಂದು ಪಂಕ್ತಿಯಲ್ಲಿ ಕೂತರು. ಭಾಗ್ಯಾ, ನೀನೂ ತಟ್ಟೆ ಹಿಡಿದಿದ್ದೆ! ಅವರನ್ನು ಓಡಿಸುವಷ್ಟರಲ್ಲಿ ಜೀಪು ನಿಂತ ಸಪ್ಪಳ. ಖಾಲಿ ಶಾಲೆ ಕಂಡ ಸಾಹೇಬರು ವಾಸನೆಯ ಜಾಡು ಹಿಡಿದು ನೇರ ನಮ್ಮ ಬಾಗಿಲಿಗೇ ಬಂದರು. ಹಿಂದೆ ಬೆವರುತ್ತ ಮಾಸ್ತರರು.

"ಏನ್ರಿ ಅಮ್ಮಾ, ಸಾಲಿ ಇಲ್ಲೇ ನಡಸ್ತೀರೇನು?"

ಮಾಸ್ತರರು ಕಣ್ಣಲ್ಲೇ ನನಗೆ ಕೈಮುಗಿದರು. ಸೋಮು, ಸಾಹೇಬರು ನಿನ್ನ ಕೈಗೆ ಪುಸ್ತಕ ಕೊಟ್ಟರು. ನೀನು ಚಿತ್ರ ನೋಡಿ "ಎಮ್ಮಿ" ಎಂದೆ. "ಎಮ್ಮಿ ನನಗೂ ಕಾಣಸ್ತದ. ಕೆಳಗ ಬರದದ್ದು ಓದು," ಎಂದರು ಅವರು. ನೀನು ನನ್ನ ಮುಖ ನೋಡಿದೆ. ನನ್ನ ನಾಲಿಗೆ ಅದು ಹೇಗೋ ಸಡಿಲಾಯಿತು.

"ಅವಗ ಬರಂಗಿಲ್ರಿ ಸಾಹೇಬ್ರ. ಭಾಳ ಮಂದಿಗಿ ಬರಂಗಿಲ್ಲ. ಮಾಸ್ತರ ಒಬ್ರೇ ಏನ್ ಮಾಡ್ಯಾರು? ಬೀಗ ಹಾಕಬ್ಯಾಡ್ರಿ, ಇನ್ನೊಬ್ಬರನ್ನ ಕೊಡ್ರಿ."

ಸೆರಗು ಬಾಯಿಗೆ ಹೋದದ್ದು ಆಮೇಲೆ. ಸಾಹೇಬರು ಏನೋ ಬರೆದುಕೊಂಡು, "ಹುಗ್ಗಿ ಉಳದದೇನ್ರಿ?" ಎಂದರು. ಅದು ಬೀಗದ ಲಕ್ಷಣವೋ ಹೊಸ ಮಾಸ್ತರರು ಬರುವ ಲಕ್ಷಣವೋ ತಿಳಿಯದೆ ಒಂದು ಸೌಟು ಹೆಚ್ಚೇ ಬಡಿಸಿದೆ.

ಬೀಗ ಬರಲಿಲ್ಲ, ಹುಮನಾಬಾದಿನಿಂದ ಟೀಚರಮ್ಮ ಬಂದರು. ಸೋಮು, ನೀನೀಗ ಬಸ್ಸಿನ ಬೋರ್ಡನ್ನೂ ಬಿಡದೆ ಓದುತ್ತೀ. ನಾನು ಹಿಗ್ಗುವಷ್ಟರಲ್ಲಿ ಮಾಸ್ತರರು ಬಂದು, "ಸಾಲಿ ಸುಧಾರಿಸ್ತು ಅಂತ ಬರದ್ರ ಟೀಚರಮ್ಮನ್ನ ಬ್ಯಾರೆ ಸಾಲಿಗಿ ಕಳಸ್ತಾರಂತ್ರಿ," ಎಂದರು. ಸಾಹೇಬರು ನಾಳೆ ಮತ್ತೆ ಬರುತ್ತಾರಂತೆ. ಈ ಸಲ ಓದಲು ಬರುವ ಮಕ್ಕಳನ್ನೇ ಬಚ್ಚಿಡಬೇಕೇನೋ ಎಂದು ಚಿಂತಿಸುತ್ತ ಗೋಧಿ ನೆನೆಹಾಕಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ. ಸೋಮು, ಇವನ್ನು ನೀನೇ ಗಟ್ಟಿಯಾಗಿ ಓದಬೇಕು. ಸಾಹೇಬರ ಜೀಪು ಊರು ದಾಟಿದ ಮೇಲೆ.