ನಮ್ಮ ಮನೆ ಮಾತು ಕೆಳಮನೆಗೂ

ದುಬೈನಲ್ಲಿದ್ದ ನನ್ನ ಭಾವಮೈದ ಜಪಾನಿನ ವೈರಿಲ್ಲದ ಫೋನು ತಂದುಕೊಟ್ಟ ಮೇಲೆ ನಮ್ಮ ಅಂಧೇರಿಯ ಮನೆಯಲ್ಲಿ ಮರ್ಯಾದೆಗೇಡಿನ ಪ್ರಸಂಗಗಳಿಗೆ ಬರವೇ ಇರಲಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತಿತ್ತು.

ಎಲ್ಲಿಯ ತನಕ?

ಫೋನಿನ ಜೊತೆಗೆ ಬಂದ, ಮನೆಯಲ್ಲೇ ಇಡುವ ಡಬ್ಬಿಯ ಮುಂದೆ ಹೆಂಡತಿ ಮಾತಾಡಿದರೆ ನನ್ನ ಕೈಯ ಫೋನಿನಲ್ಲಿ ಕೇಳುತ್ತಿತ್ತು. ಇದು ಎಷ್ಟು ದೂರ ಕೇಳುತ್ತದೋ ನೋಡಿಯೇ ಬಿಡೋಣ ಎಂದು ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯಿಂದ ಇಳಿದು ಹೊರಟೆ.

ಗೇಟಿನ ಹತ್ತಿರ "ಕೇಳಿಸ್ತಾ?" ಎಂದೆ. "ಕೇಳಿಸ್ತಿದೆ!" ಎಂದಳು. ರಸ್ತೆ ದಾಟಿದೆ. "ಈಗ?" "ಈಗಲೂ ಕೇಳಿಸ್ತಿದೆ!" ಪಾನ್ ಅಂಗಡಿಯ ಮುಂದೆ ನಿಂತು, ಜಪಾನಿನವರ ಬುದ್ಧಿಯೇ ಬುದ್ಧಿ ಎಂದು ಹೆಮ್ಮೆಯಿಂದ ಸುತ್ತ ನೋಡಿದೆ.

ಪಾನ್‌ವಾಲಾ ಮೇಲೆ ಕೈ ತೋರಿಸಿದ. "ಸಾಬ್, ಭಾಭೀಜಿ ಗ್ಯಾಲರಿ ಸೇ ಚಿಲ್ಲಾ ರಹೀ ಹೈಂ."

ತಿರುಗಿ ನೋಡಿದರೆ, ಹೆಂಡತಿ ನಮ್ಮ ಗ್ಯಾಲರಿಯಲ್ಲಿ ನಿಂತು ಬಾಯಿಗೆ ಎರಡೂ ಕೈ ಹಿಡಿದು ಕೂಗುತ್ತಿದ್ದಳು. ಮನೆಗೆ ಬಂದ ಮೇಲೆ ಹೇಳಿದಳು: "ಡಬ್ಬಿ ಗೇಟಿನ ಹತ್ತಿರವೇ ಸುಮ್ಮನಾಯ್ತು. ನೀವು ರಸ್ತೆಯಲ್ಲಿ ನಿಂತು ಒಬ್ಬರೇ ಕಿರುಚ್ತಿದ್ರಿ. ನಾನೂ ಉತ್ತರ ಕೊಡದೆ ಹೋದ್ರೆ ಜನ ಏನಂದ್ಕೊಳ್ತಾರೆ?"

ಉಚಿತ ಸಲಹೆ

ಫೋನಿನ ಮಾತು ರಸ್ತೆಗೆ ಹೋಗದಿದ್ದರೂ ಕೆಳಗಿನ ಮನೆಗೆ ಚೆನ್ನಾಗಿ ಹೋಗುತ್ತಿತ್ತು. ನೆಲಮಹಡಿಯಲ್ಲಿ ವಿಜಾಪುರದ ಬಟ್ಟೆ ವ್ಯಾಪಾರಿಯೊಬ್ಬರಿದ್ದರು. ಅವರ ಮನೆಗೂ ಅಂಥದೇ ಫೋನು ಬಂದದ್ದು, ಒಂದರ ಮಾತು ಇನ್ನೊಂದರಲ್ಲಿ ಕೇಳಿಸುವುದು ನಮಗೆ ಗೊತ್ತಿರಲಿಲ್ಲ.

ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು: "ಸಾಹೇಬ್ರ, ಗೊರಕಿ ಹೊಡಿಯೋರು ಮಗ್ಗಲಾಗಿ ಮಲಗಬೇಕ್ರಿ."

"ನಾನು ಗೊರಕೆ ಹೊಡೀತೀನಿ ಅಂತ ಯಾರು ಹೇಳಿದ್ದು?"

"ನಿಮ್ಮ ಮನಿಯವರು ಅವರ ತಾಯಿಗೆ ಹೇಳಾಕತ್ತಿದ್ರು. ನಾ ಕೇಳಬಾರದು ಅಂತಿದ್ದೆ. ಆದ್ರ ಅಳಿಯನ ಗುಣಾ ಒಂದೊಂದಾಗಿ ಬರಾಕತ್ವು, ನಡುವ ಫೋನ್ ಹೆಂಗ ಇಡ್ಲಿ?"

ಹೆರಿಗೆ ಸುದ್ದಿ

ಹೆಂಡತಿಯನ್ನು ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದ್ದೆವು. ಮೊದಲನೆಯದು; ಡಾಕ್ಟರು ಬೇರೆ "ಸ್ವಲ್ಪ ತಡ ಆಗಬಹುದು" ಎಂದು ಮುಖ ಗಂಟು ಹಾಕಿದ್ದರು. ನಾನು ವರಾಂಡದಲ್ಲಿ ಅತ್ತಿಂದಿತ್ತ ಓಡಾಡುವುದನ್ನು ನೋಡಲಾರದೆ ಅತ್ತೆ, "ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ" ಎಂದು ಅಟ್ಟಿದರು. ನರ್ಸು ಬೆಳಗಾವಿಯವರು. "ಹಡದ ಕೂಡ್ಲೇ ಫೋನ್ ಹಚ್ತೀನ್ರಿ" ಎಂದು ಧೈರ್ಯ ಹೇಳಿದರು.

ಸ್ನಾನ ಎಲ್ಲಿಯದು? ಫೋನನ್ನು ಎದೆಗವಚಿಕೊಂಡು ಕುಳಿತೆ. ಮಧ್ಯಾಹ್ನ ಅದು ರಿಂಗಾಯಿತು. ಗುಂಡಿ ಒತ್ತಿದೆ. ಹೆಂಗಸಿನ ದನಿ, ನರ್ಸಿನ ಕಡೆಯದೇ ಮಾತು: "ಹಡದಾಳ್ರೀ! ನಾಕು!"

ಕೂತಲ್ಲಿಂದ ಎದ್ದೇ ಬಿಟ್ಟೆ. "ನಾಲ್ಕೇ?"

"ಹೌದು, ನಾಕು. ತಾಯಿ ಆರಾಮ ಅದಾಳ. ಮೂರು ಕರೇವು, ಒಂದು ಬೆಳ್ಳಗದ."

ನಮ್ಮದು ಒಂದೇ ಕೋಣೆಯ ಮನೆ. ತೊಟ್ಟಿಲು ಎಲ್ಲಿ ಕಟ್ಟಲಿ ಎಂದು ಸೂರು ನೋಡಿದೆ. ಆದರೂ ತಾಯಿ ಆರಾಮ ಎಂದರಲ್ಲ. ಅಷ್ಟು ಸಾಕು ದೇವರೇ ಎಂದು ಕೈಮುಗಿದೆ. ಅಳು ಬಂತು.

"ಆದ್ರ ಕಡೀದಕ್ಕ ಬಾಲ ಚೂರು ಸೊಟ್ಟ ಐತಿ ನೋಡ್ರಿ."

"ಬಾಲಾನಾ!" ಎಂದು ಚೀರಿದೆ.

ಲೈನಿನಲ್ಲಿ ಮೂರನೆಯ ದನಿಯೊಂದು ಕೆಮ್ಮಿತು. ಕೆಳಮನೆಯ ವ್ಯಾಪಾರಿಗಳು. "ಸಾಹೇಬ್ರ, ಅಕಿ ನಮ್ಮ ತಂಗಿ, ಕುರ್ಲಾದಿಂದ ಮಾತಾಡಾಕತ್ತಾಳ. ಹಡದದ್ದು ಅಕಿ ನಾಯಿ. ನೀವ್ಯಾಕ ಅಳಾಕತ್ತೀರಿ?"

ನಾನು ಆಸ್ಪತ್ರೆಯ ವಿಷಯ ಹೇಳಿದ್ದೇ ತಡ, ಅವರು "ಲೈನ್ ಬಿಡವಾ, ಮ್ಯಾಲಿನ ಮನಿಯವರಿಗೆ ಮಗು ಬರೋದೈತಿ" ಎಂದು ತಂಗಿಯ ಫೋನು ಇಡಿಸಿ, ಬಿಸಿ ಚಹಾ ಹಿಡಿದುಕೊಂಡು ಮೇಲೆ ಬಂದು ಪಕ್ಕದಲ್ಲೇ ಕುಳಿತರು.

ಚಹಾ ಮುಗಿಯುವುದರೊಳಗೆ ಫೋನು ಮತ್ತೆ ರಿಂಗಾಯಿತು. ಈ ಸಲ ನಿಜವಾಗಿಯೂ ನರ್ಸು. "ಹೆಣ್ಣು ಕೂಸ್ರೀ! ತಾಯಿ, ಮಗಳು ಇಬ್ರೂ ಆರಾಮ ಅದಾರ."

ಎದೆಯ ಮೇಲಿನ ಕಲ್ಲು ಇಳಿಯಿತು. ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ. "ಒಂದೇ ತಾನೇ?" ಎಂದೆ.

"ಒಂದ ರೀ."

"ಬಾಲ ಗೀಲ ಏನೂ ಇಲ್ವಲ್ಲ?"

ಆ ಕಡೆ ನರ್ಸು ಪಕ್ಕಕ್ಕೆ ತಿರುಗಿ ನನ್ನ ಅತ್ತೆಗೆ ಹೇಳುವುದು ಸ್ಪಷ್ಟವಾಗಿ ಕೇಳಿಸಿತು:

"ಅಮ್ಮಾರ, ಬಾಣಂತಿ ಆರಾಮ ಅದಾಳ. ಅಳಿಯಂದ್ರನ್ನ ಮೊದಲ ಅಡ್ಮಿಟ್ ಮಾಡ್ಸ್ರಿ."