ಧನ್ಯರ ಪಟ್ಟಿಯಲ್ಲಿ ನನ್ನ ಹೆಸರು

ಸಾಗರ ಪೇಟೆಯಲ್ಲಿ ನಮ್ಮ ಕ್ರೈಸ್ತ ಸಭೆ ಅಂದರೆ ಹನ್ನೊಂದು ಮನೆ. ಮನೆ ಹನ್ನೊಂದೇ ಆದರೂ, ಭಾನುವಾರ ಪ್ರಾರ್ಥನೆಯಲ್ಲಿ ಸಿಕ್ಕಿದ ಬಿರುದು ಸೋಮವಾರ ಬೀದಿಗಿಳಿದ ಮೇಲೆ ಏನಾದರೊಂದು ಆಗದೆ ವಾರ ಮುಗಿದದ್ದಿಲ್ಲ.

ಇದಕ್ಕೆಲ್ಲ ಮೂಲ, ಪಾದ್ರಿ ಇಲ್ಲದ ವಾರಗಳಲ್ಲಿ ಸಭೆ ನಡೆಸುವ ನಮ್ಮ ಉಪದೇಶಿಗಳು. ಬೈಬಲಿನಲ್ಲಿ ನಂಬಿದವರಿಗೆ ಕೊಟ್ಟ ಬಿರುದು, ಆಶೀರ್ವಾದ ಎಲ್ಲ ಕಪಾಟಿನ ಬೆಳ್ಳಿ ಲೋಟ ಅಲ್ಲ, ದಿನಾ ಕುಡಿಯೋ ಲೋಟ ಅನ್ನುತ್ತಾರೆ. ವಾರಕ್ಕೊಂದನ್ನು ಹಿಡಿದು ಬಾಳಬೇಕು, ಮುಂದಿನ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು.

ನನ್ನ ಕಥೆ ಬೇರೆ. ಏಳನೇ ಕ್ಲಾಸು ಎರಡು ಸಲ ಫೇಲಾಗಿ ಸ್ಕೂಲು ಬಿಟ್ಟೆ. ಅದಕ್ಕೆ ಯಾರೂ ಅಳಲಿಲ್ಲ. ಆದರೆ ಸಭೆಗೆ ಪೂರ್ತಿ ಸೇರಿಸಿಕೊಳ್ಳುವ ದೃಢೀಕರಣದ ಪರೀಕ್ಷೆಯಲ್ಲೂ ಎರಡು ಸಲ ಡುಮ್ಕಿ. ದೃಢೀಕರಣ ಆಗದವರಿಗೆ ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ಇಲ್ಲ. ಅಮ್ಮ ಒಬ್ಬಳೇ ಮುಂದೆ ಹೋಗುತ್ತಾಳೆ, ಮೀಸೆ ಬಂದಿರುವ ನಾನು ಹಿಂದಿನ ಬೆಂಚಲ್ಲಿ ಕೂಸುಗಳ ಜೊತೆ ಕೂರುತ್ತೇನೆ. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಶಿವಮೊಗ್ಗದಿಂದ ಮೂರು ತಿಂಗಳಿಗೊಮ್ಮೆ ಬರುವುದು. ಈ ಸಲ ಉಪದೇಶಿಗಳು ಕರಾರು ಹಾಕಿದರು. ಯೇಸುಸ್ವಾಮಿ ಬೆಟ್ಟದ ಮೇಲೆ ಇಂಥಿಂಥವರು ಧನ್ಯರು ಅಂತ ಹೇಳಿದ ಪಟ್ಟಿಯಲ್ಲಿ ನಾನು ಒಂದಕ್ಕಾದರೂ ಸೇರಬೇಕು, ಸಭೆಯಲ್ಲಿ ಒಬ್ಬರಾದರೂ ಹೌದು ಅನ್ನಬೇಕು. ಇಲ್ಲದಿದ್ದರೆ ದೃಢೀಕರಣಕ್ಕೆ ಹೆಸರು ಕೊಡುವುದಿಲ್ಲ.

ಅಮ್ಮ ಬೈಯಲಿಲ್ಲ. "ಈ ಸಲನೂ ಆಗ್ಲಿಲ್ಲ ಅಂದ್ರೆ ನಾನೂ ಮುಂದೆ ಹೋಗಲ್ಲ. ನಿನ್ನ ಪಕ್ಕನೇ ಕೂತ್ಕೋತೀನಿ" ಅಂದಳು. ಬೈದಿದ್ದರೆ ವಾಸಿಯಿತ್ತು.

ರಾಜವಂಶ

ಆ ಭಾನುವಾರ ಉಪದೇಶಿಗಳು, ನಂಬಿದವರೆಲ್ಲ ರಾಜವಂಶದವರು ಅಂದರು. ಲಿಂಗನಮಕ್ಕಿ ಅಣೆಕಟ್ಟಿಗೆ ಗಾರೆ ಕೆಲಸಕ್ಕೆ ಹೋಗುವ ಮೇಸ್ತ್ರಿ ಮಾವ ಕಣ್ಣೊರೆಸಿಕೊಂಡರು. ನಾನು ಸುಮ್ಮನಿರಬೇಕಿತ್ತು. ಹೊರಗೆ ಬರುತ್ತಾ, "ಮಾವ, ರಾಜವಂಶದವರು ಗಾರೆ ಬಾಣಲೆ ಎತ್ತೋದನ್ನ ಎಲ್ಲಾದ್ರೂ ಕಂಡಿದೀರಾ?" ಅಂದೆ.

ಸೋಮವಾರ ಮಾವ ಕೈ ಕಟ್ಟಿ ಕೂತರಂತೆ. ಓವರ್‌ಸಿಯರ್ ಬಂದು ವಿಚಾರಿಸಿದ. ಮಾವ ವಂಶ ಹೇಳಿದರು. ಅವನೇನೂ ಸಿಟ್ಟಾಗದೆ ಟೋಪಿ ತೆಗೆದು ಕೈ ಮುಗಿದು, "ಇದು ತಮ್ಮದೇ ಕೋಟೆ ಗೋಡೆ ಮಹಾರಾಜರೇ. ತಾವೇ ನಿಂತು ಕಟ್ಟದಿದ್ರೆ ನಮ್ಮಂಥವರು ಕಟ್ಟಿದ್ದು ನಿಲ್ತದಾ?" ಅಂದ.

ಆವತ್ತು ಮಾವ ಇಬ್ಬರು ಆಳಿನ ಕೆಲಸ ಮಾಡಿ ಬಂದರು.

ಸಮಾಧಾನ ಮಾಡುವವರು

ಪಟ್ಟಿಯಲ್ಲಿ ನನಗೆ ಸುಲಭ ಕಂಡದ್ದು ಜಗಳ ಬಿಡಿಸಿ ಸಮಾಧಾನ ಮಾಡುವವರ ಸಾಲು. ಅವರಿಗೆ ದೇವರ ಮಕ್ಕಳು ಅಂತಲೇ ಹೆಸರು. ಆದರೆ ಬಿಡಿಸೋದಕ್ಕೆ ಜಗಳ ಬೇಕಲ್ಲ. ಮೂರು ದಿನ ಕಾದೆ, ಹನ್ನೊಂದು ಮನೆಯಲ್ಲಿ ಒಂದು ಗೊಣಗಾಟವೂ ಇಲ್ಲ.

ಕೊನೆಗೆ ಟೈಲರ್ ಮನೆ ಅಜ್ಜಿ ಹತ್ತಿರ ಹೋಗಿ, ನರ್ಸಮ್ಮನ ಅತ್ತೆ ನಿಮ್ಮ ಕೀರ್ತನೆ ಕೇಳಿ ಕೊಟ್ಟಿಗೆಯಲ್ಲಿ ಎಮ್ಮೆ ಕರು ಹಾಕ್ತಿದೆ ಅಂದ್ಕೊಂಡ್ರಂತೆ ಅಂದೆ. ಅಲ್ಲಿಂದ ನರ್ಸಮ್ಮನ ಅತ್ತೆ ಹತ್ತಿರ ಹೋಗಿ, ನೀವು ಪ್ರಾರ್ಥನೆಗೆ ಕಣ್ಣು ಮುಚ್ಚೋದು ನಿದ್ದೆಗೆ ಅಂತ ಟೈಲರ್ ಮನೆ ಅಜ್ಜಿ ಹೇಳ್ತಿದ್ರು ಅಂದೆ. ಒಂದೇ ಗಂಟೆ. ಬಾವಿಕಟ್ಟೆ ಹತ್ತಿರ ಒಳ್ಳೇ ಜಗಳ ಎದ್ದಿತು. ನಾನು ತಲೆ ಬಾಚಿಕೊಂಡು ದೇವರ ಮಗನ ಹಾಗೆ ನಡೆದು ಹೋದೆ.

ತಡವಾಗಿತ್ತು. ನಿನಗೆ ಯಾರು ಹೇಳಿದ್ದು, ನಿನಗೆ ಯಾರು ಹೇಳಿದ್ದು ಅಂತ ಇಬ್ಬರೂ ಕೇಳಿಕೊಂಡು ಆಗಿಹೋಗಿತ್ತು. ಸಮಾಧಾನವಂತೂ ಆಯಿತು. ಎಂಥಾ ಒಗ್ಗಟ್ಟು ಅಂದರೆ, ಒಬ್ಬರು ಬಲಗಿವಿ, ಒಬ್ಬರು ಎಡಗಿವಿ ಹಿಡಿದು ಒಂದೇ ಹೆಜ್ಜೆಯಲ್ಲಿ ನನ್ನನ್ನು ಉಪದೇಶಿಗಳ ಮನೆ ಮುಟ್ಟಿಸಿದರು.

ಶಾಂತರು

ಮುಂದಿನ ವಾರ ಶಾಂತನಾಗಿರೋಣ ಅಂತ ಬಾಯಿ ಮುಚ್ಚಿದೆ. ಯಾರ ತಂಟೆಗೂ ಹೋಗಲಿಲ್ಲ. ಎರಡನೇ ದಿನ ಪಕ್ಕದ ಮನೆ ಭಟ್ಟರು ಬೇಲಿ ಮೇಲಿಂದ ಇಣುಕಿ, "ಎಂತಾ ಆತೋ ಮಾಣಿ, ಹುಷಾರಿಲ್ಯನಾ?" ಅಂದರು. ನಾನು ತಲೆ ತಗ್ಗಿಸಿದೆ. ಅವರು ಒಳಗೆ ಹೋಗಿ, ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳ, ಹಗ್ಗದ ಮೇಲಿದ್ದ ಪಂಚೆ, ಕಟ್ಟಿದ್ದ ಕರು ಎಲ್ಲಾ ಒಳಗೆ ಸೇರಿಸಿದರು. ನಾನು ಸುಮ್ಮನಿದ್ದೇನೆ ಅಂದರೆ ದೊಡ್ಡದೇನೋ ಬರುತ್ತದೆ ಅಂತ ಅವರ ಲೆಕ್ಕ.

ನಾಲ್ಕನೇ ದಿನ ಅಮ್ಮ ಹೆದರಿ ಡಾಕ್ಟರ ಹತ್ತಿರ ಎಳಕೊಂಡು ಹೋದಳು. ಅವರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಏನೂ ಸಿಕ್ಕದೆ ಒಂದು ಇಂಜೆಕ್ಷನ್ ಚುಚ್ಚಿದರು. ನಾನು ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

"ನೋಡಿದ್ರಾ ಅಮ್ಮ, ಗುಣ ಆಯ್ತು" ಅಂದರು ಡಾಕ್ಟರು.

ಬೈಸಿಕೊಂಡವರು

ಅಯ್ಯನವರು ಬಂದೇ ಬಿಟ್ಟರು. ಆರಾಧನೆಗೆ ಮುಂಚೆ ಇಡೀ ಸಭೆ ಎದುರಿಗೆ ನನ್ನನ್ನು ನಿಲ್ಲಿಸಿ, ನೀನು ಯಾವುದರಲ್ಲಿ ಧನ್ಯ ಅಂತ ಕೇಳಿದರು. ನನಗೆ ಉಳಿದದ್ದು ಪಟ್ಟಿಯ ಕೊನೆಯದು.

"ಜನ ಬೈದು ಕಾಟ ಕೊಟ್ಟರೆ ಧನ್ಯ ಅಂತಿದೆಯಲ್ಲ ಅಯ್ಯನವರೇ, ಅದರಲ್ಲಿ. ಯಾರನ್ನ ಬೇಕಾದ್ರೂ ಕೇಳಿ."

ಕೇಳುವ ಮೊದಲೇ ಮೇಸ್ತ್ರಿ ಮಾವ ಎದ್ದು ಹೌದು ಅಂದರು. ಅಜ್ಜಿಯರಿಬ್ಬರೂ ಹೌದು ಅಂದರು. ಹನ್ನೊಂದು ಮನೆಯೂ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಉಪದೇಶಿಗಳು ಕನ್ನಡಕ ಏರಿಸಿದರು.

"ಸುಳ್ಳಾಗಿ ಬೈದರೆ ಮಾತ್ರ ಅಂತಿದೆ ಮಗಾ. ನಿನ್ನನ್ನ ಬೈದಿದ್ರಲ್ಲಿ ಸುಳ್ಳು ಎಲ್ಲಿದೆ?"

ಅಯ್ಯನವರು ಸಭೆಯನ್ನು ನೋಡಿ, ಮಾಡದ ತಪ್ಪಿಗೆ ಇವನನ್ನು ಬೈದವರು ಯಾರಾದರೂ ಇದ್ದೀರಾ ಅಂತ ವಿಚಾರಿಸಿದರು. ಹೆತ್ತ ತಾಯಿಯೇ ನೆನಪು ಮಾಡಿಕೊಳ್ಳಲು ನೋಡಿ ಸೋತಳು. ಸೆರಗು ಹೊದ್ದು, ಹಿಂದಿನ ಬೆಂಚಿಗೆ ಹೋಗಲು ಎದ್ದಳು.

ಆಗ ಹೆಂಗಸರ ಸಾಲಲ್ಲಿ ಉಪದೇಶಿಗಳ ಹೆಂಡತಿ ಎದ್ದು ನಿಂತರು. ಹೋದ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಅಂತ ಡಬ್ಬಿ ತುಂಬ ಕಜ್ಜಾಯ ಮಾಡಿಟ್ಟಿದ್ದರಂತೆ. ಬೆಳಿಗ್ಗೆ ನೋಡಿದರೆ ಡಬ್ಬಿ ಖಾಲಿ. ಬೀದಿಯಲ್ಲಿ ನಿಲ್ಲಿಸಿ ನನ್ನನ್ನು ಕಳ್ಳ ಅಂದಿದ್ದರು.

"ಇವನಲ್ಲ ಅಂತ ಮಾರನೇ ದಿನವೇ ಗೊತ್ತಾಯ್ತು ಅಯ್ಯನವರೇ. ತಿಂದವರ ಜುಬ್ಬದ ಜೇಬಲ್ಲಿ ಎಣ್ಣೆ ಜಿಡ್ಡಿತ್ತು. ಡಾಕ್ಟರು ಅವರಿಗೆ ಸಿಹಿ ಮುಟ್ಟಬಾರದು ಅಂದಿದಾರೆ ಅಂತ ನಾನು ಬಾಯಿ ಬಿಡಲಿಲ್ಲ."

ಇಡೀ ಸಭೆ ಉಪದೇಶಿಗಳ ಕಡೆ ತಿರುಗಿತು. ಅವರು ಪೆನ್ನು ತೆಗೆದು, ಯಾರೂ ಹೇಳದೆ, ನನ್ನ ಹೆಸರು ಬರೆದುಕೊಂಡರು.

ಅಯ್ಯನವರು ತಲೆ ಮೇಲೆ ಕೈಯಿಟ್ಟು ದೃಢೀಕರಣ ಮಾಡಿದ ಮೇಲೆ ಅಮ್ಮನ ಪಕ್ಕ ಮಂಡಿಯೂರಿ ರೊಟ್ಟಿ ತೆಗೆದುಕೊಂಡೆ. ಎದ್ದು ಬರುವಾಗ ಉಪದೇಶಿಗಳು ಬಗ್ಗಿ ನನ್ನ ಕಿವಿಯಲ್ಲಿ, "ಮಗಾ, ನಾನು ತಿಂದದ್ದು ಎಂಟು. ಡಬ್ಬಿಯಲ್ಲಿ ಇಪ್ಪತ್ತಿತ್ತು" ಅಂದರು.

ಆವತ್ತು ಸಭೆಯಲ್ಲಿ ಎಲ್ಲರಿಗಿಂತ ಉದ್ದದ ಪ್ರಾರ್ಥನೆ ಮಾಡಿದ್ದು ನಾನೇ. ಕಣ್ಣು ಬಿಡಲೇ ಇಲ್ಲ.